ಮಧ್ಯಾಹ್ನದ ನಿದ್ದೆಯ ಕೋಣೆ: ಒಂದು ಡೇಕೇರ್‌ನ ಪ್ರಕರಣ ಅಧ್ಯಯನ

ಮೂರು ವರ್ಷದ ಹುಡುಗಿಯೊಬ್ಬಳ ಕಿವಿಯ ಹಿಂದೆ ಕಂಡ ಸಣ್ಣ ಗುರುತಿನಿಂದ ಈ ಪ್ರಕರಣ ಶುರುವಾಯಿತು. ಅದು ಎಲ್ಲಿಂದ ಬಂತು ಅಂತ ಹುಡುಕಲು ಹೊರಟ ಡೇಕೇರ್‌ನವರು ಮೊದಲು ಮನೆಯ ಕಡೆ ನೋಡಿದರು. ಆಮೇಲೆ ತಮ್ಮ ಕಡೆಯೇ ತಿರುಗಿ ನೋಡಬೇಕಾಯಿತು. ಆ ತಿರುವು ಹೇಗೆ ಬಂತು ಅನ್ನುವುದು ಮಕ್ಕಳನ್ನು ನೋಡಿಕೊಳ್ಳುವ ಎಲ್ಲರಿಗೂ ಗೊತ್ತಿರಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

ದೂರು ದಾಖಲಾದ ಮೇಲೆ, ಆ ಕೇಂದ್ರದ ಮಕ್ಕಳ ರಕ್ಷಣೆಯ ವ್ಯವಸ್ಥೆಯನ್ನು ಪರಿಶೀಲಿಸಲು ಹೊರಗಿನಿಂದ ಹೋದವಳು ನಾನು. ದಾಖಲೆಗಳನ್ನು ಓದಿದ್ದೇನೆ. ಸಿಬ್ಬಂದಿಯ ಜೊತೆ, ತಂದೆತಾಯಿಯರ ಜೊತೆ ಮಾತಾಡಿದ್ದೇನೆ. ಊರು, ಹೆಸರು, ತಿಂಗಳು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಗುವನ್ನು ಚಿನ್ನು ಅಂತ ಕರೆಯೋಣ.

ಕೇಂದ್ರ ಹೇಗಿತ್ತು

ಒಂದೂವರೆ ವರ್ಷದಿಂದ ಆರು ವರ್ಷದವರೆಗಿನ ಸುಮಾರು 40 ಮಕ್ಕಳು. ಬೆಳಿಗ್ಗೆ ಬಿಟ್ಟು ಹೋದವರು ಸಂಜೆ ಬಂದು ಕರೆದುಕೊಂಡು ಹೋಗುತ್ತಾರೆ. ನಡೆಸುವ ಒಡತಿ ಒಬ್ಬರು, ದಿನದ ಕೆಲಸ ನೋಡುವ ಮೇಲ್ವಿಚಾರಕಿ ಒಬ್ಬರು, ಕೆಲವು ಟೀಚರ್‌ಗಳು, ಕೆಲವು ಆಯಾಗಳು. ಟೀಚರ್‌ಗಳಲ್ಲಿ ಒಬ್ಬರನ್ನು ಮಕ್ಕಳ ರಕ್ಷಣೆಯ ಜವಾಬ್ದಾರಿಗೆ ಅಂತ ನೇಮಿಸಿದ್ದರು. ಇಲ್ಲಿ ಅವರನ್ನು ಹಿರಿಯ ಟೀಚರ್ ಅನ್ನುತ್ತೇನೆ.

ಯಾರೇ ಹೋಗಿ ನೋಡಿದರೂ ಒಳ್ಳೆಯ ಜಾಗ ಅಂತ ಹೇಳುತ್ತಿದ್ದರು. ಗೇಟಿಗೆ ಯಾವಾಗಲೂ ಬೀಗ. ಮಗುವನ್ನು ಕರೆದೊಯ್ಯಲು ಬರುವವರ ಫೋಟೊ ಮೊದಲೇ ಕೊಟ್ಟಿರಬೇಕು. ಆಟದ ಹಾಲ್‌ನಲ್ಲಿ ಕ್ಯಾಮೆರಾ. ಮಕ್ಕಳ ರಕ್ಷಣಾ ನೀತಿ ಅಂತ ಒಂದು ಫೈಲ್, ಅದರ ಕೊನೆಯ ಪುಟದಲ್ಲಿ ಎಲ್ಲ ಸಿಬ್ಬಂದಿಯ ಸಹಿ. ಇವೆಲ್ಲ ಬೇಕಾದ್ದೇ. ಆದರೆ ಗಮನಿಸಿ, ಇದೆಲ್ಲ ಹೊರಗಿನವರು ಒಳಗೆ ಬರದಂತೆ ತಡೆಯುವ ಏರ್ಪಾಡು. ಒಳಗೆ ಇರುವ ದೊಡ್ಡವರು ಮಕ್ಕಳ ಜೊತೆ ಹೇಗಿದ್ದಾರೆ ಅಂತ ನೋಡುವ ಏರ್ಪಾಡು ಇದರಲ್ಲಿ ತುಂಬಾ ಕಡಿಮೆ.

ಮಧ್ಯಾಹ್ನ 1ರಿಂದ 3ರವರೆಗೆ ಚಿಕ್ಕ ಮಕ್ಕಳ ನಿದ್ದೆಯ ಹೊತ್ತು. ಆ ಕೋಣೆಯಲ್ಲಿ ಇಬ್ಬರು ದೊಡ್ಡವರು ಇರಬೇಕು ಅಂತ ಕೇಂದ್ರದ ನಿಯಮ. ಕೆಲವು ತಿಂಗಳ ಹಿಂದೆ ಒಬ್ಬ ಆಯಾ ಕೆಲಸ ಬಿಟ್ಟರು. ಬದಲಿಗೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ನಿದ್ದೆಯ ಕೋಣೆಯಲ್ಲಿದ್ದ ಇಬ್ಬರಲ್ಲಿ ಒಬ್ಬರನ್ನು ಆ ಹೊತ್ತಿಗೆ ಪಾತ್ರೆ ತೊಳೆಯಲು, ನೆಲ ಒರೆಸಲು ಕಳಿಸುವುದು ಶುರುವಾಯಿತು. ಹೊಸಬರು ಬರೋ ತನಕ ಅಂತ ಅಂದುಕೊಂಡರು. ಅದೇ ರೂಢಿಯಾಯಿತು. ಹೀಗೆ ಒಬ್ಬರೇ ಆಯಾ, ಹದಿನೈದು ಹದಿನಾರು ಮಕ್ಕಳು, ಎಳೆದ ಪರದೆ, ಹಾಲ್‌ನ ಗದ್ದಲ ಕೇಳಬಾರದು ಅಂತ ಮುಚ್ಚಿದ ಬಾಗಿಲು. ಕೋಣೆಯೊಳಗೆ ಕ್ಯಾಮೆರಾ ಇರಲಿಲ್ಲ.

ಆ ಆಯಾಗೆ ಕೇಂದ್ರದಲ್ಲಿ ಒಳ್ಳೆಯ ಹೆಸರಿತ್ತು. ಅವರ ಕೈಗೆ ಕೊಟ್ಟರೆ ಮಕ್ಕಳು ಹತ್ತು ನಿಮಿಷದಲ್ಲಿ ಗಪ್‌ಚಿಪ್ ಅಂತ ಎಲ್ಲರೂ ಹೊಗಳುತ್ತಿದ್ದರು. ಎರಡು ಮೂರು ವರ್ಷದ ಹದಿನೈದು ಮಕ್ಕಳು ಒಟ್ಟಿಗೆ, ದಿನಾಲೂ, ಹತ್ತೇ ನಿಮಿಷದಲ್ಲಿ ಸದ್ದಿಲ್ಲದೆ ಮಲಗುವುದು ಸಹಜ ಅಲ್ಲ. ಮಕ್ಕಳನ್ನು ಬೆಳೆಸಿದ ಯಾರಿಗಾದರೂ ಅದು ಗೊತ್ತು. ಆದರೂ ಅಲ್ಲಿ ಯಾರಿಗೂ ಅದು ಪ್ರಶ್ನೆ ಅಂತ ಅನಿಸಲಿಲ್ಲ. ಮಕ್ಕಳು ಅತ್ತರೆ ನಾವು ಎದ್ದು ಹೋಗಿ ನೋಡುತ್ತೇವೆ. ಸುಮ್ಮನಿದ್ದರೆ ಎಲ್ಲ ಸರಿಯಾಗಿದೆ ಅಂತ ನಮ್ಮ ಕೆಲಸಕ್ಕೆ ಹೋಗುತ್ತೇವೆ.

ಗುರುತು ಕಂಡ ದಿನ

ಒಂದು ಸಂಜೆ ಚಿನ್ನುವಿನ ತಾಯಿ ಗೇಟಿನಲ್ಲಿ ನಿಂತು, "ಮಿಸ್, ಇವಳ ಕಿವಿ ಯಾಕೆ ಹೀಗೆ ಕೆಂಪಾಗಿದೆ?" ಅಂತ ಕೇಳಿದ್ದರು. ಗೇಟಿನಲ್ಲಿದ್ದ ಕಿರಿಯ ಟೀಚರ್, ಆಟ ಆಡುವಾಗ ಬಿದ್ದಿರಬೇಕು ಅಂದರು. ಸಂಜೆ ಆರರ ಗಡಿಬಿಡಿ. ಆ ಮಾತನ್ನು ಎಲ್ಲೂ ಬರೆದಿಡಲಿಲ್ಲ.

ಕೆಲವು ದಿನ ಬಿಟ್ಟು, ಜುಟ್ಟು ಕಟ್ಟುವಾಗ ಅದೇ ಕಿರಿಯ ಟೀಚರ್‌ಗೆ ಚಿನ್ನುವಿನ ಎಡಗಿವಿಯ ಹಿಂದೆ ನೀಲಿಗಟ್ಟಿದ ಗುರುತು ಕಂಡಿತು. ಬೆರಳಿನಷ್ಟು ಅಗಲ. ಕಿವಿಯ ಅಂಚಿನಲ್ಲಿ ಇನ್ನೊಂದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮಕ್ಕಳ ಮೈಮೇಲೆ ಪೆಟ್ಟಿನ ಗುರುತು ಇರುವುದು ಮಾಮೂಲಿ. ಓಡುವ, ಬೀಳುವ ಮಗುವಿನ ಮಂಡಿ, ಮೊಣಕಾಲಿನ ಕೆಳಗಿನ ಮೂಳೆ, ಹಣೆ, ಮೊಣಕೈ ಇಲ್ಲೆಲ್ಲ ಗುರುತು ಇದ್ದರೆ ಹೆದರುವ ಅಗತ್ಯ ಕಡಿಮೆ. ಬಿದ್ದಾಗ ಮೊದಲು ನೆಲಕ್ಕೆ ತಾಗುವುದು ಮೂಳೆ ಎದ್ದಿರುವ ಈ ಜಾಗಗಳೇ. ಕಿವಿ ಹಾಗಲ್ಲ. ಪಕ್ಕಕ್ಕೆ ಬಿದ್ದರೂ ಭುಜ ಮತ್ತು ತಲೆ ಅದನ್ನು ಕಾಪಾಡುತ್ತವೆ. ಕತ್ತು, ಹೊಟ್ಟೆ, ಬೆನ್ನು, ಪೃಷ್ಠ, ತೋಳಿನ ಒಳಭಾಗ, ಕೆನ್ನೆಯ ಮೆತ್ತನೆ ಭಾಗ ಇವೂ ಹಾಗೆಯೇ. ಮಕ್ಕಳ ವೈದ್ಯರು ಬಳಸುವ 'ಟೆನ್ 4' ಅನ್ನುವ ಒಂದು ಸೂತ್ರ 2010ರಲ್ಲಿ ಪ್ರಕಟವಾಯಿತು. 4 ವರ್ಷದೊಳಗಿನ ಮಗುವಿನ ಮುಂಡ, ಕಿವಿ, ಕತ್ತು ಈ ಮೂರರಲ್ಲಿ ಎಲ್ಲಾದರೂ ನೀಲಿಗಟ್ಟಿದ ಗುರುತು ಇದ್ದು, ಅದಕ್ಕೆ ಸರಿಯಾದ ಕಾರಣ ಸಿಗದಿದ್ದರೆ ಅದನ್ನು ಗಂಭೀರವಾಗಿ ನೋಡಬೇಕು ಅನ್ನುವುದು ಅದರ ತಿರುಳು. ಇನ್ನೂ ಮಗುಚಿಕೊಳ್ಳಲೂ ಬಾರದ ಕೂಸಿನ ಮೈಮೇಲೆ ಎಲ್ಲೇ ಅಂಥ ಗುರುತು ಕಂಡರೂ ವೈದ್ಯರಿಗೆ ತೋರಿಸಲೇಬೇಕು.

ಇನ್ನೂ ಎರಡು ವಿಷಯ. ಗುರುತಿನ ಬಣ್ಣ ನೋಡಿ ಇದು ಎರಡು ದಿನದ್ದು, ಇದು ವಾರದ್ದು ಅಂತ ಖಚಿತವಾಗಿ ಹೇಳಲು ಆಗುವುದಿಲ್ಲ, ವೈದ್ಯರಿಗೂ. ಕಪ್ಪು ಅಥವಾ ಗೋಧಿ ಮೈಬಣ್ಣದ ಮಕ್ಕಳಲ್ಲಿ ಇಂಥ ಗುರುತು ಸುಲಭವಾಗಿ ಕಣ್ಣಿಗೆ ಬೀಳುವುದೂ ಇಲ್ಲ. ಹಾಗೆಯೇ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಸೊಂಟದ ಹಿಂದೆ, ಪೃಷ್ಠದ ಮೇಲೆ ನೀಲಿ ಬೂದು ಬಣ್ಣದ ಮಚ್ಚೆ ಇರುತ್ತದೆ. ಅದು ಪೆಟ್ಟಲ್ಲ. ದಿನ ಕಳೆದ ಹಾಗೆ ಅದರ ಬಣ್ಣ ಬದಲಾಗುವುದಿಲ್ಲ, ವರ್ಷಗಳಲ್ಲಿ ತಾನಾಗಿಯೇ ಮಾಸುತ್ತದೆ. ಮಗು ಸೇರುವ ದಿನವೇ ಅಂಥ ಮಚ್ಚೆಗಳನ್ನು ಬರೆದಿಟ್ಟುಕೊಂಡರೆ ಮುಂದೆ ಸುಮ್ನೆ ಗಾಬರಿ ಆಗುವುದು ತಪ್ಪುತ್ತದೆ.

"ಅಪ್ಪ ಹೊಡೆದ್ರಾ?"

ಗುರುತು ನೋಡಿ ಗಾಬರಿಯಾದ ಕಿರಿಯ ಟೀಚರ್ ಚಿನ್ನುವನ್ನು ಕೂರಿಸಿಕೊಂಡು ಕೇಳಿದ ಮೊದಲ ಪ್ರಶ್ನೆ, "ಯಾರು ಪುಟ್ಟಾ ಹೊಡೆದಿದ್ದು? ಅಪ್ಪ ಹೊಡೆದ್ರಾ?" ಮಗು ತಲೆಯಾಡಿಸಿತು. "ಕಿವೀಗೆ ಹೊಡೆದ್ರಾ?" ಮತ್ತೆ ತಲೆಯಾಡಿಸಿತು.

ಪ್ರೀತಿಯಿಂದಲೇ ಕೇಳಿದ ಪ್ರಶ್ನೆಗಳು. ಆದರೆ ಎರಡೇ ನಿಮಿಷದಲ್ಲಿ ಒಬ್ಬ ತಂದೆ ಆರೋಪಿಯಾದರು. ಮೂರು ವರ್ಷದ ಮಗು ತನಗೆ ಇಷ್ಟದ ಟೀಚರ್ ಕೇಳಿದ್ದಕ್ಕೆ ಹೂಂ ಅನ್ನುತ್ತದೆ. ಅದು ಸುಳ್ಳು ಹೇಳುತ್ತಿಲ್ಲ. ದೊಡ್ಡವರಿಗೆ ಬೇಕಾದ ಉತ್ತರ ಕೊಡುತ್ತಿದೆ ಅಷ್ಟೇ. ಉತ್ತರ ಪ್ರಶ್ನೆಯೊಳಗೇ ಇದ್ದರೆ, ಮಗುವಿನಿಂದ ಹೊಸದೇನೂ ಬಂದ ಹಾಗಾಗಲಿಲ್ಲ. ಕ್ಯಾಲಿಫೋರ್ನಿಯಾದ ಮೆಕ್‌ಮಾರ್ಟಿನ್ ಪ್ರಿಸ್ಕೂಲ್ ಪ್ರಕರಣ ಇದಕ್ಕೆ ಎಲ್ಲರೂ ನೆನೆಯುವ ಉದಾಹರಣೆ. ಅಲ್ಲಿನ ಸಿಬ್ಬಂದಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರು ಅನ್ನುವ ಆರೋಪದಿಂದ 1983ರಲ್ಲಿ ಶುರುವಾದ ಆ ಪ್ರಕರಣದಲ್ಲಿ ನೂರಾರು ಮಕ್ಕಳಿಗೆ ಇಂಥ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳಿದ್ದರು. ವರ್ಷಗಟ್ಟಲೆ ವಿಚಾರಣೆ ನಡೆದು 1990ರಲ್ಲಿ ಯಾರಿಗೂ ಶಿಕ್ಷೆಯಾಗದೆ ಮುಗಿಯಿತು. ಮಕ್ಕಳಿಗೆ ನಿಜವಾಗಿ ಏನಾಗಿತ್ತು, ಏನಾಗಿರಲಿಲ್ಲ ಅಂತ ಬೇರ್ಪಡಿಸುವುದೇ ಆ ಪ್ರಶ್ನೆಗಳಿಂದಾಗಿ ಅಸಾಧ್ಯವಾಯಿತು.

ಕಿರಿಯ ಟೀಚರ್ ಮೇಲ್ವಿಚಾರಕಿಗೆ ಹೇಳಿದರು. ಆ ಮನೆಯಲ್ಲಿ ಗಂಡ ಹೆಂಡತಿ ಜಗಳ ಜಾಸ್ತಿ ಅಂತ ಕೇಂದ್ರದಲ್ಲಿ ಆಗಲೇ ಒಂದು ಮಾತು ಓಡಾಡುತ್ತಿತ್ತು. ಆ ಮಾತು ಎಲ್ಲಿಂದ ಬಂತು ಅಂತ ಆಮೇಲೆ ನಾನು ಕೇಳಿದಾಗ ಯಾರಿಗೂ ಸರಿಯಾಗಿ ಹೇಳಲು ಆಗಲಿಲ್ಲ. ಆದರೆ ಆ ಗಳಿಗೆಯಲ್ಲಿ ಗುರುತು, ಮಗುವಿನ ತಲೆಯಾಡಿಕೆ, ಮನೆಯ ಜಗಳದ ಮಾತು ಮೂರೂ ಸೇರಿ ಕತೆ ಪೂರ್ತಿಯಾಯಿತು. ತಂದೆಯನ್ನು ಕರೆಸಿ ಎಚ್ಚರಿಕೆ ಕೊಡೋಣ ಅಂತ ಮೇಲ್ವಿಚಾರಕಿ ತೀರ್ಮಾನಿಸಿದರು.

ಅದನ್ನು ತಡೆದವರು ಹಿರಿಯ ಟೀಚರ್. ಅವರು ಹೇಳಿದ್ದು ಎರಡೇ ಮಾತು. ತಂದೆಯೇ ಮಾಡಿದ್ದರೆ, ನಾವು ಕರೆಸಿ ಬೈದ ಸಿಟ್ಟು ರಾತ್ರಿ ಮಗುವಿನ ಮೇಲೆ ತಿರುಗುತ್ತದೆ. ತಂದೆ ಮಾಡದೇ ಇದ್ದರೆ, ಮಾಡಿದವರು ಯಾರು ಅನ್ನುವ ಪ್ರಶ್ನೆ ಇಲ್ಲಿಗೇ ಮುಚ್ಚಿಹೋಗುತ್ತದೆ. ಈ ಪ್ರಕರಣದ ಮೊದಲ ಒಳ್ಳೆಯ ತೀರ್ಮಾನ ಅದು ಅಂತ ನನಗೆ ಅನಿಸುತ್ತದೆ.

ಹಿರಿಯ ಟೀಚರ್ ಮೊದಲು ಬರೆಯಲು ಕೂತರು. ಮಗುವಿನ ಮೈಯ ಚಿತ್ರವಿರುವ ಹಾಳೆಯಲ್ಲಿ ಗುರುತು ಎಲ್ಲಿದೆ, ಎಷ್ಟು ಅಗಲ, ಯಾವ ಬಣ್ಣ, ಯಾರು ಯಾವಾಗ ನೋಡಿದರು ಅಂತ ಬರೆದರು. ಕಿರಿಯ ಟೀಚರ್ ಕೇಳಿದ ಪ್ರಶ್ನೆಗಳನ್ನೂ ಇದ್ದ ಹಾಗೇ ಬರೆಸಿದರು. ಮಗು ತಂದೆಯ ಹೆಸರು ಹೇಳಿತು ಅಂತ ಬರೆಯಲಿಲ್ಲ. ಹೀಗೆ ಕೇಳಿದಾಗ ಮಗು ತಲೆಯಾಡಿಸಿತು ಅಂತ ಬರೆದರು. ಮುಂದೆ ತನಿಖೆ ಮಾಡಿದವರಿಗೆ ಆ ಒಂದು ಸಾಲು ತುಂಬಾ ಉಪಯೋಗಕ್ಕೆ ಬಂತು. ಮಗುವನ್ನು ಇನ್ನು ಯಾರೂ ಪ್ರಶ್ನೆ ಕೇಳಬಾರದು ಅಂತಲೂ ಹೇಳಿದರು. ತಾನಾಗಿ ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ, ಅದರ ಮಾತಿನಲ್ಲೇ ಬರೆದಿಡಿ, ಅಷ್ಟು ಸಾಕು.

ತಾಯಿಯ ಮಾತು

ಸಂಜೆ ತಾಯಿ ಬಂದಾಗ ಹಿರಿಯ ಟೀಚರ್ ಅವರನ್ನು ಒಳಗೆ ಕೂರಿಸಿ, ಗುರುತು ತೋರಿಸಿ, "ಇದನ್ನ ನೀವು ನೋಡಿದ್ದೀರಾ ಮೇಡಂ?" ಅಂತ ಮಾತ್ರ ಕೇಳಿದರು. ಆರೋಪ ಇಲ್ಲ, ಊಹೆ ಇಲ್ಲ.

ತಾಯಿ ಒಂದು ಗಳಿಗೆ ಸುಮ್ಮನಿದ್ದು ಹೇಳಿದರು, "ಮಿಸ್, ಇದನ್ನೇ ಅಲ್ವಾ ನಾನು ಅವತ್ತು ಗೇಟಲ್ಲಿ ಕೇಳಿದ್ದು? ಬೆಳಿಗ್ಗೆ ಸ್ನಾನ ಮಾಡಿಸುವಾಗ ಇರಲ್ಲ. ಸಂಜೆ ಇರುತ್ತೆ."

ಆ ಮೂರು ಸಣ್ಣ ವಾಕ್ಯಗಳು ಇಡೀ ಪ್ರಕರಣವನ್ನು ತಿರುಗಿಸಿದವು. ತಾಯಿ ಹೇಳಿದ್ದು ನಿಜವೇ ಅಂತ ಆಗ ಗೊತ್ತಿರಲಿಲ್ಲ. ತನ್ನ ಮನೆಯವರನ್ನು ಕಾಪಾಡಲು ಹೇಳಿರಲೂಬಹುದಿತ್ತು. ಆದರೆ ಒಂದು ಸಾಧ್ಯತೆಯ ಜೊತೆ ಇನ್ನೊಂದು ಬಂದು ನಿಂತಿತು. ಆ ಎರಡನೆಯದನ್ನು ಕೇಂದ್ರದಲ್ಲಿ ಅಲ್ಲಿಯವರೆಗೆ ಒಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

ರಾತ್ರಿ ಒಡತಿ, ಮೇಲ್ವಿಚಾರಕಿ, ಹಿರಿಯ ಟೀಚರ್ ಫೋನಿನಲ್ಲಿ ಮಾತಾಡಿದರು. ಒಂದು ವಾರ ಗುಟ್ಟಾಗಿ ಗಮನಿಸೋಣ, ಗೊತ್ತಾಗುತ್ತದೆ ಅಂದರು ಒಡತಿ. ಕೇಳಲು ಸಮಾಧಾನದ ಮಾತು. ಗುಟ್ಟಾಗಿ ಗಮನಿಸುವುದು ಅಂದರೆ ಮತ್ತೊಂದು ಗುರುತು ಬೀಳಲಿ ಅಂತ ಕಾಯುವುದು ತಾನೇ ಅಂತ ಹಿರಿಯ ಟೀಚರ್ ಕೇಳಿದರು. ಅದಕ್ಕೆ ಉತ್ತರ ಇರಲಿಲ್ಲ. ಮಾರನೆಯ ದಿನದಿಂದಲೇ ನಿದ್ದೆಯ ಕೋಣೆಯ ಬಾಗಿಲು ತೆರೆದಿರಬೇಕು, ಪರದೆ ಅರ್ಧ ಸರಿದಿರಬೇಕು, ಇಬ್ಬರು ಇರಲೇಬೇಕು, ಅದರಲ್ಲಿ ಒಬ್ಬರು ಟೀಚರ್ ಆಗಿರಬೇಕು ಅಂತ ಒಪ್ಪಿದರು. ಇದು ಯಾರೊಬ್ಬರ ಮೇಲಿನ ಆರೋಪ ಅಲ್ಲ. ಎಲ್ಲ ಮಕ್ಕಳಿಗೂ, ಎಲ್ಲ ಸಿಬ್ಬಂದಿಗೂ ಒಂದೇ ನಿಯಮ. ಸಾಕ್ಷಿ ಸಿಗುವವರೆಗೆ ಕಾಯದೆ, ಅಪಾಯವನ್ನು ಮೊದಲು ಕಡಿಮೆ ಮಾಡಿದರು.

ಹಾಳೆಗಳನ್ನು ಮೇಜಿನ ಮೇಲೆ ಹರಡಿದಾಗ

ಮಾರನೆಯ ದಿನ ಬೆಳಿಗ್ಗೆ ಹಿರಿಯ ಟೀಚರ್ ಮಾಡಿದ ಕೆಲಸವನ್ನು ನಾನು ಹೋದಲ್ಲೆಲ್ಲ ಹೇಳುತ್ತಿದ್ದೇನೆ.

ಮಗುವಿಗೆ ಸಣ್ಣ ಪೆಟ್ಟಾದರೂ ಕೇಂದ್ರದಲ್ಲಿ ಒಂದು ಚೀಟಿ ಬರೆಯುತ್ತಿದ್ದರು. ಏನಾಯಿತು, ಎಷ್ಟು ಹೊತ್ತಿಗೆ, ಯಾರು ನೋಡಿದರು. ಸಂಜೆ ತಂದೆ ಅಥವಾ ತಾಯಿ ಸಹಿ ಹಾಕಿದ ಮೇಲೆ ಅದನ್ನು ಆ ಮಗುವಿನ ಫೈಲಿಗೆ ಸೇರಿಸುತ್ತಿದ್ದರು. ಒಳ್ಳೆಯ ಪದ್ಧತಿಯೇ. ಎಷ್ಟೋ ಕಡೆ ಇದೂ ಇರುವುದಿಲ್ಲ. ಆದರೆ ಒಂದೊಂದು ಚೀಟಿ ಒಂದೊಂದು ಮಗುವಿನ ಫೈಲಿಗೆ ಹೋದ ಕೂಡಲೇ ಅದು ಆ ಮಗುವಿನ ವಿಷಯ ಮಾತ್ರ ಆಗಿಬಿಡುತ್ತದೆ. ಈ ಮಗು ತುಂಟ, ಆ ಮಗು ಜಾಸ್ತಿ ಬೀಳುತ್ತದೆ, ಇನ್ನೊಂದರ ಚರ್ಮ ಸೂಕ್ಷ್ಮ ಅಂತ ಕಾರಣ ಹುಡುಕುತ್ತೇವೆ. ಕಾರಣ ಮಗುವಿನಲ್ಲಿ ಸಿಗದಿದ್ದರೆ ಅದರ ಮನೆಯಲ್ಲಿ ಹುಡುಕುತ್ತೇವೆ.

ಹಿರಿಯ ಟೀಚರ್ ಎಲ್ಲ ಫೈಲುಗಳಿಂದ ಆರು ತಿಂಗಳ ಚೀಟಿಗಳನ್ನು ಹೊರತೆಗೆದು ಮೇಜಿನ ಮೇಲೆ ಹರಡಿದರು. ಮಗುವಿನ ಹೆಸರನ್ನು ಬಿಟ್ಟು, ಹೊತ್ತಿನ ಪ್ರಕಾರ ಜೋಡಿಸಿದರು. ಬೆಳಿಗ್ಗೆಯ ಗುಂಪು ದೊಡ್ಡದಿತ್ತು. ಜಾರುಬಂಡೆ, ಬಾಗಿಲು, ಮಂಡಿ ತರಚು. ಸಂಜೆಯ ಗುಂಪೂ ಹಾಗೆಯೇ. ನಿದ್ದೆಯಿಂದ ಎದ್ದ ಹೊತ್ತಿನ ಗುಂಪಿನಲ್ಲಿ ಹೆಚ್ಚು ಚೀಟಿ ಇರಲಿಲ್ಲ. ಆದರೆ ಇದ್ದವೆಲ್ಲ ಒಂದೇ ಥರ. "ಕಿವಿ ಕೆಂಪಾಗಿದೆ, ಸೊಳ್ಳೆ ಕಚ್ಚಿರಬಹುದು." "ತೋಳಿನ ಒಳಗಡೆ ಸಣ್ಣ ಗುರುತು, ದಿಂಬಿನ ಜಿಪ್ ಒತ್ತಿರಬೇಕು." "ಕಿವಿ ಹಿಂದೆ ಗೀರು, ಉಗುರು ತಾಗಿದೆ." ಬೇರೆ ಬೇರೆ ಮಕ್ಕಳು, ಬೇರೆ ಬೇರೆ ಟೀಚರ್‌ಗಳ ಕೈಬರಹ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅದನ್ನು ಕೆಲಸದ ಪಾಳಿಯ ಪಟ್ಟಿಯ ಜೊತೆ ಇಟ್ಟು ನೋಡಿದಾಗ, ಇಬ್ಬರು ಇರುತ್ತಿದ್ದ ತಿಂಗಳುಗಳಲ್ಲಿ ಅಂಥ ಚೀಟಿ ಒಂದೂ ಇರಲಿಲ್ಲ. ಒಬ್ಬರೇ ಆದ ಮೇಲೆ ಶುರುವಾಗಿದ್ದವು.

ಚಿನ್ನುವಿನ ದಿನಚರಿ ಪುಸ್ತಕದಲ್ಲಿ ಇನ್ನೊಂದು ಸಾಲು ಸಿಕ್ಕಿತು. ಚಾಪೆ ಹಾಸುವಾಗ ಎರಡೂ ಕಿವಿ ಮುಚ್ಚಿಕೊಳ್ಳುತ್ತಾಳೆ, ಶಬ್ದಕ್ಕೆ ಹೆದರಿಕೆ ಇರಬಹುದು, ಗಮನಿಸಬೇಕು. ಬರೆದವರ ಕಣ್ಣು ಚುರುಕಾಗಿತ್ತು. ಆದರೆ ಗಮನಿಸಬೇಕು ಅಂತ ಬರೆದ ಮೇಲೆ, ಯಾರು ಗಮನಿಸಬೇಕು, ಯಾರಿಗೆ ಹೇಳಬೇಕು ಅನ್ನುವುದು ಎಲ್ಲೂ ಇರಲಿಲ್ಲ. ಮಾತು ಇನ್ನೂ ಪೂರ್ತಿ ಬಾರದ ಮಗು ತನಗೆ ಆಗುತ್ತಿದ್ದುದನ್ನು ಕೈಯಿಂದ ಹೇಳುತ್ತಿತ್ತು. ಇದನ್ನು ಓದಿದಾಗ ನನಗೆ ತುಂಬಾ ಸಂಕಟವಾಯಿತು.

ದೂರು ಕೊಡುವುದೋ, ಸುಮ್ನೆ ಕಳಿಸುವುದೋ

ಅವತ್ತು ಮಧ್ಯಾಹ್ನವೇ ಆ ಆಯಾಗೆ ಮಕ್ಕಳಿಲ್ಲದ ಕಡೆ ಕೆಲಸ ಕೊಟ್ಟರು. ಯಾವ ಕಾರಣಕ್ಕೆ ಅಂತ ವಿವರ ಹೇಳಲಿಲ್ಲ. ಒಂದು ವಿಷಯ ಪರಿಶೀಲನೆಯಲ್ಲಿದೆ, ಅದು ಮುಗಿಯುವವರೆಗೆ ಹೀಗೆ, ಸಂಬಳಕ್ಕೆ ತೊಂದರೆ ಇಲ್ಲ ಅಂದರು. ಇದು ಶಿಕ್ಷೆ ಅಲ್ಲ, ತೀರ್ಪೂ ಅಲ್ಲ. ಆರೋಪ ಸುಳ್ಳಾಗಿದ್ದರೆ ಆ ಆಯಾಗೂ ಇದರಿಂದ ರಕ್ಷಣೆ.

ಒಡತಿಗೆ ಇದನ್ನು ಬೇಗ ಮುಗಿಸುವುದು ಬೇಕಿತ್ತು. ಆಯಾಗೆ ಒಂದು ತಿಂಗಳ ಸಂಬಳ ಕೊಟ್ಟು ಸುಮ್ನೆ ಬಿಡಿಸಿ ಕಳಿಸೋಣ, ಪೊಲೀಸ್ ಗಿಲೀಸ್ ಅಂದರೆ ಕೇಂದ್ರ ಮುಚ್ಚಬೇಕಾಗುತ್ತೆ ಅಂದರು. ಅವರ ಭಯ ಸುಳ್ಳಲ್ಲ. ಹದಿನೈದು ಜನರ ಕೆಲಸ ಆ ಕೇಂದ್ರದ ಮೇಲೆ ನಿಂತಿತ್ತು. ಆದರೆ ಹಾಗೆ ಕಳಿಸಿದರೆ ಏನಾಗುತ್ತದೆ? ಅನುಭವವಿರುವ ಆಯಾ, ಮಕ್ಕಳನ್ನು ಬೇಗ ಮಲಗಿಸುತ್ತಾರೆ ಅನ್ನುವ ಹೆಸರು. ಮುಂದಿನ ತಿಂಗಳು ಇನ್ನೊಂದು ಕೇಂದ್ರದ ನಿದ್ದೆಯ ಕೋಣೆಯಲ್ಲಿ ಇರುತ್ತಾರೆ. ಅಲ್ಲಿನ ಮಕ್ಕಳ ಬಗ್ಗೆ ಯೋಚಿಸುವುದು ನಮ್ಮ ಕೆಲಸ ಅಲ್ವಾ ಅಂತ ಹಿರಿಯ ಟೀಚರ್ ಕೇಳಿದಾಗ ಒಡತಿ ಸುಮ್ಮನಾದರಂತೆ. ಆ ಮಾತನ್ನು ಒಡತಿಯೇ ನನಗೆ ಹೇಳಿದರು, ಮುಚ್ಚಿಡಲಿಲ್ಲ.

ಸಂಜೆ 1098ಕ್ಕೆ ಫೋನ್ ಮಾಡಿದರು. ಇದು ದಿನದ 24 ಗಂಟೆಯೂ ಇರುವ ಮಕ್ಕಳ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಅಲ್ಲಿಂದ ವಿಷಯ ಮಕ್ಕಳ ಕಲ್ಯಾಣ ಸಮಿತಿಗೆ, ಪೊಲೀಸರಿಗೆ ಹೋಯಿತು. ಕಾನೂನಿನ ವಿಷಯ ಇಲ್ಲಿ ಸ್ಪಷ್ಟವಾಗಿರಲಿ. ಬಾಲನ್ಯಾಯ ಕಾಯ್ದೆ 2015ರ 75ನೇ ಸೆಕ್ಷನ್, ತನ್ನ ವಶದಲ್ಲಿರುವ ಮಗುವಿನ ಮೇಲೆ ಕ್ರೌರ್ಯ ಎಸಗುವುದನ್ನು ಅಪರಾಧ ಅನ್ನುತ್ತದೆ. ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯ ನೌಕರರೇ ಹಾಗೆ ಮಾಡಿದರೆ ಶಿಕ್ಷೆ ಇನ್ನೂ ಜಾಸ್ತಿ, 5 ವರ್ಷದವರೆಗೆ ಜೈಲು. ಈ ಪ್ರಕರಣದಲ್ಲಿ ಲೈಂಗಿಕ ಕಿರುಕುಳದ ಅನುಮಾನ ಇರಲಿಲ್ಲ. ಇದ್ದಿದ್ದರೆ ದೂರು ಕೊಡೋಣವೇ ಬೇಡವೇ ಅನ್ನುವ ಚರ್ಚೆಗೇ ಜಾಗ ಇರುತ್ತಿರಲಿಲ್ಲ. ಪೋಕ್ಸೊ ಕಾಯ್ದೆ 2012ರ 19ನೇ ಸೆಕ್ಷನ್ ಪ್ರಕಾರ, ಗೊತ್ತಿರುವವರು ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ಶಿಕ್ಷೆ ಇದೆ. ತನ್ನ ಕೈಕೆಳಗಿನವರ ವಿಷಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಜೈಲಾಗಬಹುದು.

ಅದೇ ಸಂಜೆ ಮಾಡಿದ ಇನ್ನೊಂದು ಕೆಲಸ, ಹಾಲ್‌ನ ಕ್ಯಾಮೆರಾ ದೃಶ್ಯಗಳನ್ನು ತೆಗೆದಿಡುವಂತೆ ಕ್ಯಾಮೆರಾ ಹಾಕಿದವರಿಗೆ ಹೇಳಿದ್ದು. ಇಂಥ ರೆಕಾರ್ಡರ್‌ಗಳಲ್ಲಿ ಜಾಗ ತುಂಬಿದರೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಇನ್ನು ಕೆಲವು ದಿನ ತಡವಾಗಿದ್ದರೆ ಮೊದಲ ಗುರುತಿನ ದಿನದ ದೃಶ್ಯ ಅಳಿಸಿಹೋಗುತ್ತಿತ್ತು. ಕೋಣೆಯೊಳಗಿನದು ಅದರಲ್ಲಿ ಇರಲಿಲ್ಲ ನಿಜ. ಆದರೆ ಬಾಗಿಲು ಎಷ್ಟು ಹೊತ್ತು ಮುಚ್ಚಿತ್ತು, ಒಳಗೆ ಯಾರಿದ್ದರು, ಯಾರು ಯಾವಾಗ ಹೊರಗೆ ಬಂದರು ಅನ್ನುವುದೆಲ್ಲ ಇತ್ತು.

ಆಮೇಲೆ

ಮಕ್ಕಳ ವೈದ್ಯರು ಚಿನ್ನುವನ್ನು ನೋಡಿ, ಕಿವಿಯನ್ನು ಬೆರಳುಗಳ ನಡುವೆ ಒತ್ತಿ ಹಿಂಡಿದರೆ ಆಗುವಂಥ ಗುರುತು ಅಂತ ಬರೆದರು. ಯಾವ ದಿನದ್ದು ಅಂತ ಹೇಳಲಿಲ್ಲ, ಹೇಳಲು ಆಗುವುದೂ ಇಲ್ಲ. ಮಕ್ಕಳ ಜೊತೆ ಮಾತಾಡಲು ತರಬೇತಿ ಪಡೆದವರೊಬ್ಬರು ಮಗುವಿನ ಜೊತೆ ಕೂತು, ಆಟದ ನಡುವೆ, ಮಲಗೋ ಹೊತ್ತಲ್ಲಿ ಏನಾಗುತ್ತೆ ಹೇಳು ಅಂತ ಮಾತ್ರ ಕೇಳಿದರು. "ಕಣ್ಣು ಮುಚ್ಬೇಕು. ಇಲ್ಲಾಂದ್ರೆ ಕಿವಿ," ಅಂತು ಚಿನ್ನು. ಯಾವಾಗ, ಎಷ್ಟು ಸಲ ಅಂತ ಅವರು ಕೇಳಲಿಲ್ಲ. ಮೂರು ವರ್ಷದ ಮಗುವಿಗೆ ನಿನ್ನೆ ಮತ್ತು ಹೋದ ವಾರದ ನಡುವೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ತಾನು ಯಾರಿಗೂ ಹೊಡೆದಿಲ್ಲ, ಮಲಗದೆ ಹಠ ಮಾಡುವವರ ಕಿವಿ ಸುಮ್ನೆ ಹಿಡಿಯುತ್ತಿದ್ದೆ, ನಮ್ಮನ್ನೂ ಹಾಗೇ ಬೆಳೆಸಿದ್ದು ಅಂತ ಆಯಾ ಹೇಳಿದರು. ಪ್ರಕರಣ ನ್ಯಾಯಾಲಯದಲ್ಲಿದೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಬ್ಬರೇ ಹದಿನಾರು ಮಕ್ಕಳನ್ನು ಮಲಗಿಸುವ ಒತ್ತಡ ಎಂಥದ್ದು ಅಂತ ನನಗೆ ಗೊತ್ತು. ಮಗುವನ್ನು ನೋಯಿಸುವುದಕ್ಕೆ ಅದು ಸಮರ್ಥನೆ ಆಗುವುದಿಲ್ಲ. ಆದರೆ ಇಬ್ಬರ ಕೆಲಸವನ್ನು ಒಬ್ಬರಿಗೆ ಕೊಟ್ಟ ತೀರ್ಮಾನ ಆಯಾದು ಅಲ್ಲ. ಆ ತೀರ್ಮಾನ ಮಾಡಿದವರೂ ಉತ್ತರ ಕೊಡಬೇಕು. ನನ್ನ ವರದಿಯಲ್ಲಿ ಇದನ್ನು ಮೊದಲ ಪುಟದಲ್ಲೇ ಬರೆದೆ.

ಉಳಿದ ತಂದೆತಾಯಿಯರಿಗೆ ಹೇಳುವುದು ಇನ್ನೊಂದು ಕಷ್ಟದ ಕೆಲಸ. ವದಂತಿ ಹಬ್ಬುವ ಮೊದಲು, ಪೊಲೀಸರನ್ನು ಕೇಳಿ, ಏನು ಹೇಳಬಹುದೋ ಅಷ್ಟನ್ನೇ ಒಂದೇ ದಿನ ಎಲ್ಲರಿಗೂ ಹೇಳಿದರು. ಯಾವ ಮಗು ಅಂತ ಹೇಳಲಿಲ್ಲ, ಯಾವ ಆಯಾ ಅಂತಲೂ ಹೇಳಲಿಲ್ಲ. ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳಬೇಡಿ, ಏನಾದರೂ ಹೇಳಿದರೆ ಬರೆದುಕೊಂಡು ನಮಗೆ ಅಥವಾ ಪೊಲೀಸರಿಗೆ ತಿಳಿಸಿ ಅಂದರು. ಕೆಲವರು ಮಕ್ಕಳನ್ನು ಬಿಡಿಸಿದರು. ಕೆಲವರು ತುಂಬಾ ಸಿಟ್ಟಾದರು. ಒಬ್ಬ ತಾಯಿ, ನನ್ನ ಮಗ ನಿದ್ದೆ ಅಂದರೆ ಅಳುತ್ತಿದ್ದ, ನಾವು ಹಠ ಅಂದುಕೊಂಡು ಗದರಿಸಿ ಕಳಿಸುತ್ತಿದ್ದೆವು ಅಂತ ಎಲ್ಲರೆದುರು ಅತ್ತರು.

ಚಿನ್ನುವಿನ ತಂದೆಗೂ ವಿಷಯ ಹೇಳಿದರು. ಮೊದಲ ಅನುಮಾನ ಅವರ ಮೇಲೆ ಹೋಗಿತ್ತು ಅನ್ನುವುದನ್ನೂ ಮುಚ್ಚಿಡಲಿಲ್ಲ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, ಮಗಳು ಇಲ್ಲೇ ಮುಂದುವರೀಲಿ, ಆದರೆ ಮಧ್ಯಾಹ್ನ ಮಲಗಿಸಬೇಡಿ ಅಂದರು. ಕೇಂದ್ರ ಒಪ್ಪಿತು. ಮೊದಲ ವಾರಗಳಲ್ಲಿ ಚಿನ್ನು ಆ ಹೊತ್ತಿನಲ್ಲಿ ಹಾಲ್‌ನ ಮೂಲೆಯಲ್ಲಿ ಹಿರಿಯ ಟೀಚರ್ ಪಕ್ಕ ಕೂತು ಚಿತ್ರ ಬರೆಯುತ್ತಿದ್ದಳು. ನಿಧಾನವಾಗಿ ಕಿವಿ ಮುಚ್ಚಿಕೊಳ್ಳುವುದು ನಿಂತಿತು. ನಾನು ಹೋದ ಸಮಯಕ್ಕೆ, ಬೇಕೆನಿಸಿದ ದಿನ ತಾನೇ ಚಾಪೆ ಎಳೆದುಕೊಂಡು ಮಲಗುತ್ತಿದ್ದಳು.

ಏನೇನು ಬದಲಾಯಿತು

ಮಲಗಲೇಬೇಕು ಅನ್ನುವ ನಿಯಮವನ್ನೇ ತೆಗೆದರು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇದು. ನಿದ್ದೆ ಬಾರದ ಮಗು ಸದ್ದಿಲ್ಲದ ಆಟ ಆಡಬಹುದು, ಪುಸ್ತಕ ನೋಡಬಹುದು. ಮಗುವಿಗೆ ಆಗದ ಕೆಲಸವನ್ನು ಮಾಡಿಸಲೇಬೇಕು ಅಂತ ದೊಡ್ಡವರಿಗೆ ಹೇಳಿದರೆ, ಬಲ ಪ್ರಯೋಗಕ್ಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಊಟ ಮುಗಿಸಲೇಬೇಕು ಅನ್ನುವುದು, ಇಷ್ಟೇ ಹೊತ್ತಿಗೆ ಶೌಚಕ್ಕೆ ಹೋಗಲೇಬೇಕು ಅನ್ನುವುದು ಇದೇ ಸಾಲಿಗೆ ಸೇರುತ್ತವೆ. ಬೇರೆ ಕೇಂದ್ರಗಳಿಗೆ ಹೋದಾಗ ಈಗ ನಾನು ಮೊದಲು ನೋಡುವುದು ಈ ಮೂರು ಹೊತ್ತನ್ನೇ.

ಇಬ್ಬರು ಇಲ್ಲದಿದ್ದರೆ ನಿದ್ದೆಯ ಕೋಣೆ ತೆರೆಯುವುದಿಲ್ಲ, ಮಕ್ಕಳು ಹಾಲ್‌ನಲ್ಲೇ ಮಲಗುತ್ತಾರೆ. ಬಾಗಿಲಿನಲ್ಲಿ ಗಾಜು ಹಾಕಿಸಿದರು. ಬೆಳಿಗ್ಗೆ ಮಗು ಬಂದಾಗ ಮುಖ, ಕಿವಿ, ಕೈಕಾಲು ನೋಡಿ, ಇರುವ ಗುರುತನ್ನು ಬಿಟ್ಟುಹೋಗುವವರ ಎದುರೇ ಬರೆದುಕೊಳ್ಳುತ್ತಾರೆ. ಬಟ್ಟೆ ಬಿಚ್ಚಿ ನೋಡುವುದಿಲ್ಲ. ಅದರ ಅಗತ್ಯವೂ ಇಲ್ಲ, ಅದು ಸರಿಯೂ ಅಲ್ಲ. ಸಂಜೆ ಹೋಗುವಾಗಲೂ ಹೀಗೆಯೇ. ಮನೆಯವರು ಗೇಟಿನಲ್ಲಿ ಕೇಳಿದ ಪ್ರಶ್ನೆಯನ್ನು ಅಲ್ಲೇ ಬರೆಯಲು ಒಂದು ನೋಟ್‌ಬುಕ್ ನೇತುಹಾಕಿದ್ದಾರೆ. ಚಿನ್ನುವಿನ ತಾಯಿಯ ಮೊದಲ ಪ್ರಶ್ನೆ ಬರಹದಲ್ಲಿ ಇದ್ದಿದ್ದರೆ ಎಷ್ಟೋ ದಿನ ಮೊದಲೇ ವಿಷಯ ಗೊತ್ತಾಗುತ್ತಿತ್ತು.

ಪೆಟ್ಟಿನ ಚೀಟಿಗೆ ಈಗ ಎರಡು ಪ್ರತಿ. ಒಂದು ಮಗುವಿನ ಫೈಲಿಗೆ. ಇನ್ನೊಂದು ದಿನ, ಹೊತ್ತು, ಜಾಗದ ಪ್ರಕಾರ ಜೋಡಿಸಿದ ಒಂದೇ ಕಡತಕ್ಕೆ. ತಿಂಗಳಿಗೊಮ್ಮೆ ಅದನ್ನು ಪಾಳಿ ಪಟ್ಟಿಯ ಜೊತೆ ಇಟ್ಟು ಓದುತ್ತಾರೆ. ಓದುವವರಲ್ಲಿ ಒಬ್ಬರು ಕೇಂದ್ರದವರಾಗಿರಬಾರದು ಅಂತ ನಾನು ಪಟ್ಟು ಹಿಡಿದೆ. ಜೊತೆಗೆ ಕೆಲಸ ಮಾಡುವವರ ಬಗ್ಗೆ ಕೆಟ್ಟದ್ದನ್ನು ಯೋಚಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ದಿನಾ ಜೊತೆಗೆ ಊಟ ಮಾಡುವವರು ಅವರು. ಆ ಕೆಲಸವನ್ನು ಒಳಗಿನವರ ಧೈರ್ಯದ ಮೇಲೆ ಮಾತ್ರ ಬಿಟ್ಟರೆ ಆಗದು. ಎಲ್ಲ ಕಡೆ ಈ ಹಿರಿಯ ಟೀಚರ್‌ನಂಥವರು ಇರುವುದಿಲ್ಲ.

ಆಯಾಗಳ ಮಾತಿಗೂ ಒಂದು ದಾರಿ ಮಾಡಿದರು. ಪಾತ್ರೆ ತೊಳೆಯಲು ಕಳಿಸುತ್ತಿದ್ದ ಎರಡನೆಯ ಆಯಾಗೆ ಮೊದಲೇ ಅನುಮಾನ ಇತ್ತು ಅಂತ ಆಮೇಲೆ ಗೊತ್ತಾಯಿತು. ತಾನು ಕೆಲಸಕ್ಕೆ ಹೊಸಬಳು, ದೊಡ್ಡವರ ಮೇಲೆ ಹೇಳಿದರೆ ಯಾರು ನಂಬುತ್ತಾರೆ ಅಂತ ಬಾಯಿ ಬಿಟ್ಟಿರಲಿಲ್ಲ. ರಕ್ಷಣಾ ನೀತಿಯ ಫೈಲಿನಲ್ಲಿ ಅವರ ಸಹಿಯೂ ಇತ್ತು. ಫೈಲ್ ಇಂಗ್ಲಿಷ್‌ನಲ್ಲಿತ್ತು. ಅವರಿಗೆ ಇಂಗ್ಲಿಷ್ ಬಾರದು. ಈಗ ಅದು ಕನ್ನಡದಲ್ಲಿ ಎರಡು ಪುಟ ಇದೆ, ಓದಿ ಹೇಳಿದ ಮೇಲೆಯೇ ಸಹಿ.

ಇನ್ನೊಂದು ಕೆಲಸ ಬಾಕಿ ಇತ್ತು. ಹಳೆಯ ಚೀಟಿಗಳಲ್ಲಿದ್ದ ಕೆಲವು ಮಕ್ಕಳು ಆಗಲೇ ಕೇಂದ್ರ ಬಿಟ್ಟು ಹೋಗಿದ್ದರು. ಹೋದವರಿಗೆ ಈಗ ಯಾಕೆ ನೋವು ಕೊಡುವುದು ಅಂತ ಒಡತಿ ಹಿಂಜರಿದರು. ಆ ಮಕ್ಕಳು ಇವತ್ತಿಗೂ ಯಾವುದೋ ಕೋಣೆಯಲ್ಲಿ ಮಲಗಲು ಹೆದರುತ್ತಿರಬಹುದು, ಯಾಕೆ ಅಂತ ಅವರ ಮನೆಯವರಿಗೆ ಗೊತ್ತಿರಬೇಕು ಅಂತ ನಾನು ಬರೆದು ಕೊಟ್ಟೆ. ಪೊಲೀಸರಿಗೆ ಆ ಮಕ್ಕಳ ಪಟ್ಟಿ ಕೊಟ್ಟ ಮೇಲೆ ಹಿರಿಯ ಟೀಚರ್ ಒಬ್ಬೊಬ್ಬರ ಮನೆಗೂ ತಾವೇ ಫೋನ್ ಮಾಡಲು ಶುರು ಮಾಡಿದರು. ಎರಡು ಕುಟುಂಬಗಳ ನಂಬರ್ ಬದಲಾಗಿದೆ. ಅವರನ್ನು ಇನ್ನೂ ಹುಡುಕುತ್ತಿದ್ದಾರೆ.